ಪಾಸ್‌ವರ್ಡ್ ಎಲ್ಲಿಡಬೇಕು, ಬಡ್ಡಿದರ ಎಲ್ಲಿಡಬೇಕು: ಸಹಕಾರ ಸಂಘದ ವೆಬ್ ಆ್ಯಪಿನ ಸೆಟ್ಟಿಂಗ್‌ಗಳು

ಪ್ರಶ್ನೆ: ನಮ್ಮ ತಾಲ್ಲೂಕಿನ ಪತ್ತಿನ ಸಹಕಾರ ಸಂಘವೊಂದಕ್ಕೆ ನಾವಿಬ್ಬರು ಸೇರಿ ಜಾಂಗೊದಲ್ಲಿ (ಪೈಥಾನ್ ಭಾಷೆಯ ವೆಬ್ ಚೌಕಟ್ಟು) ವೆಬ್ ಆ್ಯಪ್ ಮಾಡಿಕೊಟ್ಟಿದ್ದೇವೆ. ಸದಸ್ಯರು ಅದರಲ್ಲಿ ಠೇವಣಿ ಮತ್ತು ಸಾಲದ ಬಾಕಿ ನೋಡುತ್ತಾರೆ, ಕಂತು ಕಟ್ಟುತ್ತಾರೆ. ಬಾಡಿಗೆಯ ಒಂದು ಉಬುಂಟು ಸರ್ವರ್ ಇದೆ, ಪೋಸ್ಟ್‌ಗ್ರೆಸ್ ಡೇಟಾಬೇಸೂ ಅದರಲ್ಲೇ ಇದೆ. ಡೇಟಾಬೇಸ್ ಪಾಸ್‌ವರ್ಡ್, ಪೇಮೆಂಟ್ ಗೇಟ್‌ವೇ ಕೀ, ಎಸ್ಸೆಮ್ಮೆಸ್ ಕೀ, ಬಡ್ಡಿದರ, ತಡಪಾವತಿಯ ದಂಡ ಎಲ್ಲವೂ ಸೆಟ್ಟಿಂಗ್ಸ್ ಫೈಲಿನಲ್ಲಿವೆ. ಆ ಫೈಲು ಖಾಸಗಿ ಗಿಟ್ ರೆಪೊಸಿಟರಿಯಲ್ಲಿ, ಅಂದರೆ ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಭಂಡಾರದಲ್ಲಿ, ಇದೆ. ಬಡ್ಡಿದರ ಬದಲಾದಾಗಲೆಲ್ಲ ಕಾರ್ಯದರ್ಶಿಯವರು ಫೋನ್ ಮಾಡುತ್ತಾರೆ, ನಾವು ಫೈಲು ತಿದ್ದಿ ಡಿಪ್ಲಾಯ್ ಮಾಡುತ್ತೇವೆ (ಸರ್ವರಿಗೆ ಏರಿಸುತ್ತೇವೆ). ಎಲ್ಲವನ್ನೂ ಎನ್ವಿರಾನ್ಮೆಂಟ್ ವೇರಿಯಬಲ್‌ಗಳಲ್ಲಿ (ಪ್ರೋಗ್ರಾಂ ಚಾಲೂ ಆಗುವಾಗ ಹೊರಗಿನಿಂದ ಅದಕ್ಕೆ ಕೊಡುವ ಹೆಸರು-ಮೌಲ್ಯಗಳು) ಇಡಿ ಎಂದು ಒಬ್ಬರು, ಡೇಟಾಬೇಸಿನಲ್ಲಿ ಇಡಿ ಎಂದು ಇನ್ನೊಬ್ಬರು, ಕ್ಲೌಡಿನ ಸೀಕ್ರೆಟ್ ಮ್ಯಾನೇಜರ್ (ಗುಟ್ಟಿನ ಕೀಗಳನ್ನು ಕಾಯುವ ಸೇವೆ) ಕೊಳ್ಳಿ ಎಂದು ಮತ್ತೊಬ್ಬರು ಹೇಳುತ್ತಿದ್ದಾರೆ. ಯಾವುದು ಸರಿ?

ಉತ್ತರ: ಸಲಹೆ ಕೊಟ್ಟ ಮೂವರೂ ತಪ್ಪು ಹೇಳಿಲ್ಲ; ಆದರೆ ಒಬ್ಬೊಬ್ಬರೂ ನಿಮ್ಮ ಫೈಲಿನ ಒಂದೊಂದು ಸಾಲನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡಿದ್ದಾರೆ. ಗೇಟ್‌ವೇ ಕೀಯೂ ಬಡ್ಡಿದರವೂ ಒಂದೇ ಫೈಲಿನಲ್ಲಿ ಅಕ್ಕಪಕ್ಕದ ಸಾಲುಗಳಾಗಿರುವುದರಿಂದ ಎರಡೂ ‘ಸೆಟ್ಟಿಂಗ್’ ಎಂಬ ಒಂದೇ ಕುಲಕ್ಕೆ ಸೇರಿದವು ಎಂದು ಅನ್ನಿಸುತ್ತದೆ. ವಾಸ್ತವದಲ್ಲಿ ಅವೆರಡಕ್ಕೂ ಸಂಬಂಧವಿಲ್ಲ. ಮೊದಲನೆಯದು ಸೋರಿದರೆ ಸಂಘದ ಹಣಕ್ಕೆ ಅಪಾಯ. ಎರಡನೆಯದನ್ನು ಸಂಘದ ಸೂಚನಾ ಫಲಕದ ಮೇಲೆಯೇ ಬರೆದು ಹಾಕಿರುತ್ತಾರೆ. ಮೊದಲನೆಯದನ್ನು ಬದಲಿಸುವವರು ನೀವು. ಎರಡನೆಯದು ಬದಲಾಗುವುದು ಆಡಳಿತ ಮಂಡಳಿಯ ನಿರ್ಣಯದಿಂದ. ಆದ್ದರಿಂದ ಫೈಲಿನ ಪ್ರತಿಯೊಂದು ಸಾಲನ್ನೂ ಹಿಡಿದು ಎರಡು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಯಾರು, ಯಾವಾಗ ಬದಲಿಸುತ್ತಾರೆ? ಇದು ಹೊರಗಿನವರ ಕೈಗೆ ಸಿಕ್ಕರೆ ಏನಾಗುತ್ತದೆ? ಈ ಎರಡಕ್ಕೆ ಉತ್ತರ ಸಿಕ್ಕರೆ, ಎಲ್ಲಿಡಬೇಕು ಎಂಬುದು ಬಹುಮಟ್ಟಿಗೆ ತಾನಾಗಿಯೇ ತೀರ್ಮಾನವಾಗುತ್ತದೆ.

ಅದಕ್ಕೂ ಮುಂಚೆ ಒಂದು ತುರ್ತು ಕೆಲಸವಿದೆ. ಗಿಟ್‌ಗೆ ಸೇರಿದ ಪಾಸ್‌ವರ್ಡ್ ಮತ್ತು ಕೀಗಳನ್ನು ಈಗಾಗಲೇ ಸೋರಿಹೋದವು ಎಂದೇ ಭಾವಿಸಿ. ಈ ಹೊತ್ತು ಆ ಸಾಲುಗಳನ್ನು ಅಳಿಸಿ ಹೊಸ ಕಮಿಟ್ (ಗಿಟ್‌ನಲ್ಲಿ ಬದಲಾವಣೆಯ ದಾಖಲೆ) ಮಾಡಿದರೆ ಅವು ಇಂದಿನ ಫೈಲಿನಿಂದ ಮಾತ್ರ ಹೋಗುತ್ತವೆ. ಹಳೆಯ ಕಮಿಟ್‌ಗಳಲ್ಲಿಯೂ, ನೀವಿಬ್ಬರ ಲ್ಯಾಪ್‌ಟಾಪ್‌ಗಳಲ್ಲಿರುವ ಪ್ರತಿಗಳಲ್ಲಿಯೂ ಹಾಗೆಯೇ ಉಳಿದಿರುತ್ತವೆ. ರೆಪೊಸಿಟರಿ ಖಾಸಗಿಯಾಗಿದೆ ಎಂಬ ಸಮಾಧಾನವೂ ಸಾಲದು. 2016ರಲ್ಲಿ ಊಬರ್ ಕಂಪನಿಯ ಖಾಸಗಿ ಗಿಟ್‌ಹಬ್ ರೆಪೊಸಿಟರಿಯೊಳಗೆ ನುಸುಳಿದವರಿಗೆ ಅಲ್ಲಿ ಅಮೆಜಾನ್ ಕ್ಲೌಡಿನ ಕೀ ಸಿಕ್ಕಿತು; ಅದರ ಮೂಲಕ ಸುಮಾರು 5.7 ಕೋಟಿ ಗ್ರಾಹಕರ ಮತ್ತು ಚಾಲಕರ ಮಾಹಿತಿ ಅವರ ಕೈಸೇರಿತು. ಕಂಪನಿ ಅದನ್ನು ಬಹಿರಂಗಪಡಿಸಿದ್ದು 2017ರ ನವೆಂಬರಿನಲ್ಲಿ, ಮರುವರ್ಷ ಅಮೆರಿಕದ ರಾಜ್ಯಗಳೊಂದಿಗೆ ಮಾಡಿಕೊಂಡ ಒಪ್ಪಂದದಂತೆ ಕಟ್ಟಬೇಕಾಗಿ ಬಂದದ್ದು 14.8 ಕೋಟಿ ಡಾಲರ್. ನಿಮ್ಮಲ್ಲಿರುವುದೂ ಸದಸ್ಯರ ಹೆಸರು, ಫೋನ್ ಸಂಖ್ಯೆ, ಸಾಲದ ಲೆಕ್ಕ; ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ತಕ್ಕ ಭದ್ರತಾ ಕ್ರಮ ಕೈಗೊಳ್ಳದಿದ್ದಕ್ಕೆ 250 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶವಿದೆ.

ಹಾಗಾಗಿ ಮೊದಲು ಕೀಗಳನ್ನು ಬದಲಿಸಿ, ಆಮೇಲೆ ಜಾಗ ಬದಲಿಸಿ. ಈ ಅನುಕ್ರಮ ಮುಖ್ಯ. ಗೇಟ್‌ವೇಯ ಡ್ಯಾಶ್‌ಬೋರ್ಡಿನಲ್ಲಿ ಹೊಸ ಕೀ ಪಡೆಯುವಾಗ ವೆಬ್‌ಹುಕ್‌ನ ಸೀಕ್ರೆಟ್ ಬೇರೆಯೇ ಆಗಿರುತ್ತದೆ ಎಂಬುದನ್ನು ಮರೆಯಬೇಡಿ. ‘ಹಣ ಬಂತು’ ಎಂದು ಗೇಟ್‌ವೇ ನಿಮ್ಮ ಸರ್ವರಿಗೆ ಕಳುಹಿಸುವ ಸಂದೇಶ ನಿಜವೋ ನಕಲಿಯೋ ಎಂದು ತಿಳಿಯುವುದು ಆ ಸೀಕ್ರೆಟ್‌ನಿಂದ. ಹಳೆಯದು ಯಾರಿಗಾದರೂ ಗೊತ್ತಿದ್ದರೆ, ಕಟ್ಟದ ಕಂತನ್ನು ಕಟ್ಟಿದಂತೆ ತೋರಿಸುವುದು ಕಷ್ಟವಲ್ಲ. ಲಾಗಿನ್ ಮೊದಲಾದವು ಅಸಲಿಯೇ ಎಂದು ಪರೀಕ್ಷಿಸಲು ಬಳಸುವ ಜಾಂಗೊದ ಸೀಕ್ರೆಟ್ ಕೀಯನ್ನೂ ಬದಲಿಸಬೇಕು. ಲಾಗಿನ್ ಆಗಿರುವ ಸದಸ್ಯರೆಲ್ಲ ಒಮ್ಮೆಲೇ ಹೊರಬೀಳುತ್ತಾರೆ ಎಂಬ ಭಯದಿಂದ ಇದನ್ನು ಮುಂದೂಡುವವರಿದ್ದಾರೆ, ಜಾಂಗೊ 4.1ರಿಂದ ಹಳೆಯ ಕೀಗಳನ್ನು ಸ್ವಲ್ಪ ಕಾಲ ‘ಫಾಲ್‌ಬ್ಯಾಕ್’ ಪಟ್ಟಿಯಲ್ಲಿಡುವ ಸೌಲಭ್ಯವಿರುವುದರಿಂದ ಆ ಭಯಕ್ಕೆ ಕಾರಣವಿಲ್ಲ. ಆದರೆ ಹಳೆಯ ಕೀ ಸೋರಿದೆ ಎಂಬುದಕ್ಕೆ ಖಚಿತವಾದ ಸುಳಿವಿದ್ದರೆ ಆ ಪಟ್ಟಿಗೆ ಹಾಕದಿರುವುದೇ ಸರಿ. ಸದಸ್ಯರು ಇನ್ನೊಮ್ಮೆ ಲಾಗಿನ್ ಆಗಲಿ. ಗಿಟ್ ಇತಿಹಾಸವನ್ನು ತೊಳೆಯಲು ‘ಗಿಟ್ ಫಿಲ್ಟರ್ ರೆಪೊ’ ಎಂಬ ಸಾಧನವಿದೆ. ಕೀಗಳು ಬದಲಾದ ಮೇಲೆ ಅದು ಮನೆ ಚೊಕ್ಕಟ ಮಾಡುವ ಕೆಲಸವಷ್ಟೇ, ಪುರಸೊತ್ತಿನಲ್ಲಿ ಮಾಡಬಹುದು.

ಈಗ ಮೂಲ ಪ್ರಶ್ನೆಗೆ ಬರೋಣ. ಎನ್ವಿರಾನ್ಮೆಂಟ್ ವೇರಿಯಬಲ್ ಎಂಬ ಸಲಹೆ ಇಷ್ಟು ಪ್ರಚಾರಕ್ಕೆ ಬಂದದ್ದು, ಬೇರೆಯವರ ಆ್ಯಪ್‌ಗಳನ್ನು ನಡೆಸಿಕೊಡುವ ವೇದಿಕೆಯಾದ ಹೆರೋಕು ಸಂಸ್ಥೆಯ ಅನುಭವವನ್ನು ಆಧರಿಸಿ ಆಡಂ ವಿಗ್ಗಿನ್ಸ್ 2011ರಲ್ಲಿ ಬರೆದ ‘ಟ್ವೆಲ್ವ್ ಫ್ಯಾಕ್ಟರ್ ಆಪ್’ ಎಂಬ ಸೂತ್ರಗಳಿಂದ. ಅದರ ಮೂರನೆಯ ಸೂತ್ರದ ತಿರುಳು ಇಷ್ಟು: ಒಂದು ಸರ್ವರಿನಿಂದ ಇನ್ನೊಂದಕ್ಕೆ ಬೇರೆಯಾಗುವುದನ್ನು ಕೋಡಿನಿಂದ ಹೊರಗಿಡಿ, ಈ ಕ್ಷಣ ನಿಮ್ಮ ಕೋಡನ್ನು ಲೋಕಕ್ಕೆಲ್ಲ ಬಿಚ್ಚಿಟ್ಟರೂ ಯಾವ ಗುಟ್ಟೂ ಹೊರಬೀಳಬಾರದು. ಈ ಪರೀಕ್ಷೆ ಇಂದಿಗೂ ಚಿನ್ನದಂಥದ್ದು. ಆದರೆ ಜಾಗಕ್ಕಾಗಿ ಎನ್ವಿರಾನ್ಮೆಂಟನ್ನು ಆರಿಸಿಕೊಂಡದ್ದಕ್ಕೆ ಆ ವೇದಿಕೆಯದೇ ಪರಿಸ್ಥಿತಿಯೂ ಕಾರಣ: ಅಲ್ಲಿ ಆ್ಯಪ್ ಮರುಪ್ರಾರಂಭವಾದಾಗಲೆಲ್ಲ ಡಿಸ್ಕಿನ ಮೇಲೆ ಬರೆದದ್ದು ಅಳಿಸಿಹೋಗುತ್ತಿತ್ತು, ಹಾಗಾಗಿ ಸರ್ವರಿನಲ್ಲೊಂದು ಫೈಲು ಇಟ್ಟುಕೊಳ್ಳುವ ಮಾತೇ ಇರಲಿಲ್ಲ. ನಿಮ್ಮದು ನಿಮ್ಮ ಹಿಡಿತದಲ್ಲಿರುವ, ವರ್ಷಗಟ್ಟಲೆ ನಡೆಯುವ ಒಂದೇ ಸರ್ವರ್. ಆ ನಿರ್ಬಂಧ ನಿಮಗಿಲ್ಲ.

ಎನ್ವಿರಾನ್ಮೆಂಟ್ ವೇರಿಯಬಲ್‌ಗಳು 1979ರ ಏಳನೆಯ ಆವೃತ್ತಿಯ ಯುನಿಕ್ಸ್‌ನಿಂದ ಬಂದವು. ಹೋಮ್ ಫೋಲ್ಡರ್ ಎಲ್ಲಿದೆ, ಟರ್ಮಿನಲ್ ಯಾವುದು ಎಂಬಂಥ ವಿಷಯಗಳನ್ನು ಪ್ರೋಗ್ರಾಂಗಳಿಗೆ ತಿಳಿಸುವುದು ಅವುಗಳ ಕೆಲಸವಾಗಿತ್ತು, ಗುಟ್ಟು ಕಾಯುವುದಲ್ಲ. ಒಂದು ಪ್ರೋಗ್ರಾಂ ಇನ್ನೊಂದನ್ನು ಚಾಲೂ ಮಾಡಿದರೆ ತನ್ನ ಎನ್ವಿರಾನ್ಮೆಂಟನ್ನೆಲ್ಲ ಅದಕ್ಕೆ ದಾಟಿಸುತ್ತದೆ. ನಿಮ್ಮ ಆ್ಯಪ್ ರಸೀದಿಯ ಪಿಡಿಎಫ್ ಮಾಡಲು ಹೊರಗಿನ ಪ್ರೋಗ್ರಾಂ ಒಂದನ್ನು ಕರೆದರೆ, ಕಾಗದ ಮುದ್ರಿಸುವ ಆ ಪ್ರೋಗ್ರಾಂಗೂ ಗೇಟ್‌ವೇ ಕೀ ಸಿಕ್ಕಂತಾಯಿತು. ಲಿನಕ್ಸ್‌ನಲ್ಲಿ ಅದೇ ಬಳಕೆದಾರನ ಹೆಸರಿನಲ್ಲಿ ನಡೆಯುವ ಬೇರೆ ಯಾವ ಪ್ರೋಗ್ರಾಂ ಬೇಕಾದರೂ, ‘ಪ್ರಾಕ್’ ಎಂಬ ಕಡತವ್ಯವಸ್ಥೆಯ ಮೂಲಕ, ಚಾಲೂ ಆಗುವಾಗ ನಿಮ್ಮ ಆ್ಯಪಿಗೆ ಕೊಟ್ಟ ಎನ್ವಿರಾನ್ಮೆಂಟನ್ನು ಓದಬಹುದು. ದೋಷ ವರದಿ ಮಾಡುವ ಎಷ್ಟೋ ಸಾಧನಗಳು ಆ್ಯಪ್ ಕುಸಿದ ಕ್ಷಣದ ಚಿತ್ರ ಹಿಡಿಯುವಾಗ ಎನ್ವಿರಾನ್ಮೆಂಟನ್ನೂ ಬಾಚಿಕೊಳ್ಳುತ್ತವೆ. ದೋಷವಾದಾಗ ಒಳವಿವರ ತೋರಿಸುವ ಜಾಂಗೊದ ಡೀಬಗ್ ಪುಟ ಕೀ, ಟೋಕನ್, ಸೀಕ್ರೆಟ್, ಪಾಸ್ ಮೊದಲಾದ ಪದಗಳಿರುವ ಹೆಸರುಗಳ ಮೌಲ್ಯವನ್ನು ನಕ್ಷತ್ರ ಚಿಹ್ನೆಗಳಿಂದ ಮುಚ್ಚುತ್ತದೆ, ನಿಜ. ಆದರೆ ‘ಡೇಟಾಬೇಸ್ ಯುಆರ್‌ಎಲ್’ ಎಂಬ ಹೆಸರಿನಲ್ಲಿ ಅಂಥ ಪದ ಯಾವುದೂ ಇಲ್ಲ, ಆ ವಿಳಾಸದ ನಡುವೆಯೇ ಪಾಸ್‌ವರ್ಡ್ ಕುಳಿತಿರುತ್ತದೆ.

ಇದರಿಂದ ಎನ್ವಿರಾನ್ಮೆಂಟ್ ವೇರಿಯಬಲ್ ಕೆಟ್ಟದ್ದು ಎಂದಾಗುವುದಿಲ್ಲ. ಗಿಟ್‌ನಲ್ಲಿಡುವುದಕ್ಕಿಂತ ನೂರು ಪಾಲು ಮೇಲು. ಆದರೆ ನಿಮ್ಮ ಪರಿಸ್ಥಿತಿಗೆ ಅದಕ್ಕಿಂತ ಸರಳವಾದ ದಾರಿಯಿದೆ ಎಂಬುದು ನನ್ನ ಅಭಿಪ್ರಾಯ. ಸರ್ವರಿನ ‘ಇಟಿಸಿ’ ಫೋಲ್ಡರಿನಡಿ ಸಂಘದ ಆ್ಯಪಿನ ಹೆಸರಿನಲ್ಲೊಂದು ಫೋಲ್ಡರ್ ಮಾಡಿ, ಅದರಲ್ಲಿ ಒಂದೇ ಒಂದು ಫೈಲು ಇಡಿ. ಫೈಲಿನ ಒಡೆಯ ರೂಟ್ ಆಗಿರಲಿ, ಗುಂಪು ಆ್ಯಪ್ ನಡೆಯುವ ಬಳಕೆದಾರನದಾಗಿರಲಿ, ಅನುಮತಿ 640 ಇರಲಿ. ಅಂದರೆ ಆ್ಯಪ್ ಓದಬಲ್ಲದು, ತಿದ್ದಲಾರದು, ಉಳಿದವರು ನೋಡಲೂ ಆರರು. ಕೋಡ್ ಇರುವ ಫೋಲ್ಡರಿನಲ್ಲಿ ಮಾತ್ರ ಈ ಫೈಲನ್ನು ಇಡಬೇಡಿ. ‘ಡಾಟ್ ಎನ್ವ್’ ಎಂಬ ಹೆಸರಿನ ಫೈಲನ್ನು ಪ್ರಾಜೆಕ್ಟಿನ ಬುಡದಲ್ಲೇ ಇಡುವ ರೂಢಿ ಬೆಳೆದಿದೆ. ವೆಬ್ ಸರ್ವರಿನ ರೂಟ್ ಫೋಲ್ಡರನ್ನು ತಪ್ಪಾಗಿ ಅಲ್ಲಿಗೇ ತೋರಿಸಿದರೆ ಬ್ರೌಸರಿನಲ್ಲಿ ವಿಳಾಸ ಹೊಡೆದ ಯಾರಿಗಾದರೂ ಅದು ಸಿಗುತ್ತದೆ. ನಿಮ್ಮ ವೆಬ್ ಸರ್ವರ್ ಎಂಜಿನ್‌ಎಕ್ಸ್‌ನ ಲಾಗನ್ನು ಒಮ್ಮೆ ತೆರೆದು ನೋಡಿ: ಆ ಹೆಸರಿನ ಫೈಲನ್ನು ಕೇಳಿಕೊಂಡು ಬಾಟ್‌ಗಳು ಅಲೆಯುತ್ತಿರುವುದು ಕಾಣುತ್ತದೆ.

ಈ ಫೈಲನ್ನು ಸಿಸ್ಟಂಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಚಾಲೂ ಮಾಡುವ ವ್ಯವಸ್ಥೆ) ಓದಿ ಎನ್ವಿರಾನ್ಮೆಂಟಿಗೆ ತುಂಬಬೇಕೋ, ಜಾಂಗೊದ ಸೆಟ್ಟಿಂಗ್ಸ್ ಕೋಡೇ ನೇರವಾಗಿ ಓದಬೇಕೋ? ನಾನು ಎರಡನೆಯದನ್ನು ಸೂಚಿಸುತ್ತೇನೆ, ಅದಕ್ಕೆ ಅನುಭವದ ಕಾರಣಗಳಿವೆ. ಸಿಸ್ಟಂಡಿ ತುಂಬಿದ್ದು ಆ ಸರ್ವಿಸ್‌ಗೆ ಮಾತ್ರ ಸಿಗುತ್ತದೆ. ನೀವು ಕೈಯಾರೆ ಮೈಗ್ರೇಷನ್ (ಡೇಟಾಬೇಸ್ ರಚನೆಯ ಬದಲಾವಣೆ) ನಡೆಸಿದಾಗ, ರಾತ್ರಿ ಕ್ರಾನ್ (ನಿಗದಿತ ಹೊತ್ತಿಗೆ ಕೆಲಸ ನಡೆಸುವ ಸಾಧನ) ದಂಡ ಲೆಕ್ಕ ಹಾಕಲು ಹೊರಟಾಗ ಆ ವೇರಿಯಬಲ್‌ಗಳು ಅಲ್ಲಿರುವುದಿಲ್ಲ. ಆಗ ಯಾರೋ ಒಬ್ಬರು ಅವಸರಕ್ಕೆ ಅದೇ ಪಾಸ್‌ವರ್ಡನ್ನು ಕ್ರಾನ್‌ಟ್ಯಾಬಿನಲ್ಲೂ ಬರೆಯುತ್ತಾರೆ, ಇನ್ನೊಬ್ಬರು ತಮ್ಮ ಶೆಲ್ಲಿನ ಪ್ರೊಫೈಲಿನಲ್ಲಿ ಬರೆಯುತ್ತಾರೆ. ಆರು ತಿಂಗಳಲ್ಲಿ ಒಂದು ಗುಟ್ಟು ನಾಲ್ಕು ಕಡೆ ಸಂಸಾರ ಹೂಡಿರುತ್ತದೆ. ಇನ್ನೊಂದು ಕಾರಣವೂ ಉಂಟು. ಜಾಂಗೊ ಆ್ಯಪನ್ನು ನಡೆಸುವ ಪ್ರೋಗ್ರಾಂ ಆದ ಗುನಿಕಾರ್ನ್ ನಡೆಯುತ್ತಿರುವಾಗ ಫೈಲು ತಿದ್ದಿ ಸರ್ವಿಸನ್ನು ‘ರಿಲೋಡ್’ ಮಾಡಿದರೆ ಮುಖ್ಯ ಪ್ರೊಸೆಸ್ ಹಳೆಯದೇ ಆಗಿರುವುದರಿಂದ ಎನ್ವಿರಾನ್ಮೆಂಟೂ ಹಳೆಯದೇ ಉಳಿಯುತ್ತದೆ; ‘ರೀಸ್ಟಾರ್ಟ್’ ಮಾಡಿದರೆ ಮಾತ್ರ ಹೊಸದು ಬರುತ್ತದೆ. ಹೊಸ ಕೀ ಹಾಕಿದ್ದೇನೆ, ಆದರೂ ಗೇಟ್‌ವೇ ಒಪ್ಪುತ್ತಿಲ್ಲ ಎಂದು ಗಂಟೆಗಟ್ಟಲೆ ತಲೆ ಕೆಡಿಸಿಕೊಂಡವರಿಗೆ ಇದರ ಬಿಸಿ ಗೊತ್ತು. ಯಾವ ದಾರಿ ಹಿಡಿದರೂ ಸೆಲರಿಯಂಥ ಹಿನ್ನೆಲೆಯ ಕೆಲಸಗಾರ ಪ್ರೊಸೆಸ್‌ಗಳಿದ್ದರೆ ಅವನ್ನು ಪ್ರತ್ಯೇಕವಾಗಿ ಮರುಪ್ರಾರಂಭಿಸಬೇಕು.

ಫೈಲಿನ ಬರವಣಿಗೆಯಲ್ಲೂ ಒಂದು ತೊಡಕಿದೆ. ಸಮ ಚಿಹ್ನೆಯ ಎಡಕ್ಕೆ ಹೆಸರು, ಬಲಕ್ಕೆ ಮೌಲ್ಯ ಎಂಬ ಈ ಸರಳ ರೂಪವನ್ನು ಒಂದೊಂದು ಸಾಧನ ಒಂದೊಂದು ರೀತಿ ಓದುತ್ತದೆ. ಶೆಲ್ ಆದರೆ ಡಾಲರ್ ಚಿಹ್ನೆ ಕಂಡಲ್ಲಿ ವೇರಿಯಬಲ್ ಹುಡುಕುತ್ತದೆ, ಸಿಸ್ಟಂಡಿ ಹುಡುಕುವುದಿಲ್ಲ, ಆ್ಯಪ್‌ಗಳನ್ನು ಕಂಟೇನರಿನಲ್ಲಿ ನಡೆಸುವ ಡಾಕರಿನ ರನ್ ಆದೇಶಕ್ಕೆ ಈ ಫೈಲು ಕೊಟ್ಟರೆ ಉದ್ಧರಣ ಚಿಹ್ನೆಗಳನ್ನೂ ಮೌಲ್ಯದ ಭಾಗವೆಂದೇ ತೆಗೆದುಕೊಳ್ಳುತ್ತದೆ. ಪಾಸ್‌ವರ್ಡಿನಲ್ಲಿ ಅಟ್ ಚಿಹ್ನೆಯಿದ್ದು ಅದನ್ನು ಯುಆರ್‌ಎಲ್ ಒಳಗೆ ಹಾಗೆಯೇ ತುರುಕಿದರೆ ಸರ್ವರಿನ ಹೆಸರು ಎಲ್ಲಿ ಶುರುವಾಗುತ್ತದೆಂಬುದೇ ಗೊಂದಲವಾಗುತ್ತದೆ. ನನ್ನ ಪದ್ಧತಿ ಇಷ್ಟೇ: ಯಂತ್ರಗಳು ಮಾತ್ರ ಬಳಸುವ ಪಾಸ್‌ವರ್ಡುಗಳಲ್ಲಿ ಅಕ್ಷರ ಮತ್ತು ಅಂಕಿಗಳನ್ನಷ್ಟೇ ಬಳಸಿ, ಬದಲಿಗೆ ಉದ್ದವನ್ನು ನಲವತ್ತು ಅಕ್ಷರಕ್ಕೆ ಏರಿಸುತ್ತೇನೆ. ಮನುಷ್ಯರು ಅದನ್ನು ನೆನಪಿಡಬೇಕಾಗಿಲ್ಲ ತಾನೆ.

ಡೇಟಾಬೇಸಿನ ಪಾಸ್‌ವರ್ಡಿನ ವಿಚಾರಕ್ಕೆ ಬಂದರೆ, ನಿಮ್ಮ ಸಂದರ್ಭದಲ್ಲಿ ಅದನ್ನು ಎಲ್ಲಿಡಬೇಕೆಂಬ ಪ್ರಶ್ನೆಯೇ ಏಳಬೇಕಾಗಿಲ್ಲ. ಪೋಸ್ಟ್‌ಗ್ರೆಸ್ ಅದೇ ಯಂತ್ರದಲ್ಲಿರುವುದರಿಂದ ಯುನಿಕ್ಸ್ ಸಾಕೆಟ್ (ಒಂದೇ ಯಂತ್ರದೊಳಗಿನ ಸಂಪರ್ಕದ ದಾರಿ) ಮೂಲಕ ಮಾತನಾಡಬಹುದು. ಉಬುಂಟುವಿನಲ್ಲಿ ಪೋಸ್ಟ್‌ಗ್ರೆಸ್ ಹಾಕಿಕೊಂಡಾಗ ಸ್ಥಳೀಯ ಸಂಪರ್ಕಕ್ಕೆ ‘ಪಿಯರ್’ ಎಂಬ ದೃಢೀಕರಣ ಪದ್ಧತಿ ಮೊದಲೇ ಸಿದ್ಧವಾಗಿರುತ್ತದೆ: ಆಪರೇಟಿಂಗ್ ಸಿಸ್ಟಂನ ಬಳಕೆದಾರನ ಹೆಸರೂ ಡೇಟಾಬೇಸಿನ ರೋಲ್‌ನ (ಅದರೊಳಗಿನ ಬಳಕೆದಾರನ) ಹೆಸರೂ ಒಂದೇ ಆಗಿದ್ದರೆ, ಬಂದವರು ಯಾರೆಂದು ಕರ್ನಲ್ ಹೇಳುವ ಮಾತನ್ನು ನಂಬಿ ಪೋಸ್ಟ್‌ಗ್ರೆಸ್ ಒಳಗೆ ಬಿಡುತ್ತದೆ. ಜಾಂಗೊದಲ್ಲಿ ಹೋಸ್ಟ್ ಜಾಗವನ್ನು ಖಾಲಿ ಬಿಟ್ಟರೆ ಸಾಕು. ಪಾಸ್‌ವರ್ಡ್ ಬೇಕಿಲ್ಲ, ಆದ್ದರಿಂದ ಸೋರುವುದಕ್ಕೆ ಏನೂ ಇಲ್ಲ. ನಾಳೆ ಅಮೆಜಾನ್ ಕ್ಲೌಡಿಗೆ ಹೋದರೂ ಇದೇ ಬುದ್ಧಿ ಉಪಯೋಗಕ್ಕೆ ಬರುತ್ತದೆ: ಅಲ್ಲಿ ಕೀ ಇಡುವ ಬದಲು ಯಂತ್ರಕ್ಕೇ ಒಂದು ರೋಲ್ ಕೊಡಬಹುದು. ಗುಟ್ಟನ್ನು ಚೆನ್ನಾಗಿ ಬಚ್ಚಿಡುವ ಉಪಾಯ ಹುಡುಕುವ ಮೊದಲು ಆ ಗುಟ್ಟು ಬೇಕೇ ಬೇಕೇ ಎಂದು ನೋಡಿಕೊಳ್ಳುವವರು ಕಡಿಮೆ.

ಸೀಕ್ರೆಟ್ ಮ್ಯಾನೇಜರ್‌ಗಳ ವಿಷಯವನ್ನು ಬೇಗ ಮುಗಿಸುತ್ತೇನೆ. 2015ರಲ್ಲಿ ಬಂದ ಹ್ಯಾಶಿಕಾರ್ಪ್ ವಾಲ್ಟ್ ಆಗಲಿ, 2018ರಲ್ಲಿ ಬಂದ ಅಮೆಜಾನಿನ ಸೀಕ್ರೆಟ್ಸ್ ಮ್ಯಾನೇಜರ್ ಆಗಲಿ ಒಳ್ಳೆಯ ಸಾಧನಗಳೇ. ಹತ್ತಾರು ಸರ್ವರ್‌ಗಳು, ಹತ್ತಾರು ಜನ, ಯಾರು ಯಾವ ಕೀಯನ್ನು ಎಂದು ಓದಿದರು ಎಂಬ ದಾಖಲೆ ಬೇಕಾದ ಕಡೆ ಅವು ಬೇಕು. ಆದರೆ ವಾಲ್ಟ್ ನಡೆಸುವುದೆಂದರೆ ಇನ್ನೊಂದು ಸರ್ವರನ್ನು ಸಾಕಿದಂತೆ. ಅದು ಮಲಗಿದರೆ ನಿಮ್ಮ ಆ್ಯಪೂ ಏಳುವುದಿಲ್ಲ. ಅಲ್ಲದೆ ಆ ಭಂಡಾರವನ್ನು ತೆರೆಯಲು ಆ್ಯಪಿಗೆ ಇನ್ನೊಂದು ಟೋಕನ್ ಬೇಕಲ್ಲ, ಅದನ್ನು ಎಲ್ಲಿಡುತ್ತೀರಿ? ಕೊನೆಗೂ ಸರ್ವರಿನ ಒಂದು ಫೈಲಿನಲ್ಲಿ. ಒಂದು ಸರ್ವರ್, ಇಬ್ಬರು ಡೆವಲಪರ್‌ಗಳು, ನಾಲ್ಕು ಕೀಗಳು ಇರುವಲ್ಲಿ ಅದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಸಂಘ ಬೆಳೆದು, ಹಲವು ಸರ್ವರ್‌ಗಳಲ್ಲಿ ಆ್ಯಪ್ ನಡೆಸುವ ಕುಬರ್ನೆಟಿಸ್‌ಗೆ ಹೋದರೆ, ಅಲ್ಲಿ ‘ಸೀಕ್ರೆಟ್’ ಎಂದು ಹೆಸರಿಟ್ಟಿರುವ ವಸ್ತು ಮೂಲತಃ ಬೇಸ್64ರಲ್ಲಿ (ಯಾರು ಬೇಕಾದರೂ ಬಿಡಿಸಿ ಓದಬಹುದಾದ ರೂಪ) ಬರೆದ ಪಠ್ಯವಷ್ಟೇ, ಬೇರೆಯಾಗಿ ವ್ಯವಸ್ಥೆ ಮಾಡದಿದ್ದರೆ ಗೂಢಲಿಪೀಕರಣ ಇರುವುದಿಲ್ಲ ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಿ.

ಇನ್ನು ಡೇಟಾಬೇಸಿನಲ್ಲಿಡಿ ಎಂಬ ಸಲಹೆ. ಡೇಟಾಬೇಸಿನ ಪಾಸ್‌ವರ್ಡನ್ನು ಡೇಟಾಬೇಸಿನಲ್ಲಿಡುವುದು, ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತೆ. ಗೇಟ್‌ವೇ ಕೀಯನ್ನೂ ಅಲ್ಲಿಡಬೇಡಿ, ಏಕೆಂದರೆ ದಿನವೂ ತೆಗೆಯುವ ಬ್ಯಾಕಪ್ಪಿನೊಡನೆ ಅದು ಊರೂರು ತಿರುಗುತ್ತದೆ. ಆದರೆ ಬಡ್ಡಿದರಕ್ಕೂ ದಂಡದ ದರಕ್ಕೂ ಅದೇ ಸರಿಯಾದ ಜಾಗ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿ ಇದೇ.

ಬಡ್ಡಿದರ ಸೆಟ್ಟಿಂಗೇ ಅಲ್ಲ. ಅದು ಲೆಕ್ಕದ ಭಾಗ. ಸೆಟ್ಟಿಂಗ್ ಎಂದರೆ ಇಂದಿನ ಮೌಲ್ಯ ಮಾತ್ರ ಮುಖ್ಯವಾಗಿರುವಂಥದ್ದು. ಹಳೆಯ ಎಸ್ಸೆಮ್ಮೆಸ್ ಕೀ ಏನಾಗಿತ್ತೆಂದು ಯಾರೂ ಕೇಳುವುದಿಲ್ಲ. ಆದರೆ ಹಿಂದಿನ ವರ್ಷದ ಆಗಸ್ಟ್ ತಿಂಗಳಲ್ಲಿ ಸಾಲದ ಬಡ್ಡಿ ಎಷ್ಟಿತ್ತು ಎಂದು ಲೆಕ್ಕ ಪರಿಶೋಧಕರು ಕೇಳಿಯೇ ಕೇಳುತ್ತಾರೆ. ನೀವು ಇಲ್ಲಿಯವರೆಗೆ ಮಾಡಿದಂತೆ ಫೈಲಿನಲ್ಲಿ 12ನ್ನು ಅಳಿಸಿ 11.5 ಎಂದು ಬರೆದು ಡಿಪ್ಲಾಯ್ ಮಾಡಿದರೆ, ಅಂದಿನಿಂದ ತೆಗೆದ ಹಳೆಯ ಅವಧಿಯ ಲೆಕ್ಕಪತ್ರಗಳೆಲ್ಲ ಹೊಸ ದರದಲ್ಲೇ ಲೆಕ್ಕವಾಗುವ ಅಪಾಯವಿದೆ; ನಿಮ್ಮ ಕೋಡಿನಲ್ಲಿ ಹಾಗೆ ಆಗುತ್ತಿದೆಯೇ ಎಂದು ಇವತ್ತೇ ಪರೀಕ್ಷಿಸಿ. ದರಕ್ಕಾಗಿ ಒಂದು ಟೇಬಲ್ ಮಾಡಿ: ಯೋಜನೆಯ ಹೆಸರು, ದರ, ಯಾವ ದಿನಾಂಕದಿಂದ ಜಾರಿ, ಯಾವ ಸಭೆಯ ನಿರ್ಣಯದ ಸಂಖ್ಯೆ, ನಮೂದಿಸಿದವರು ಯಾರು. ಹಳೆಯ ಸಾಲನ್ನು ತಿದ್ದಲು ಬಿಡಬೇಡಿ, ಹೊಸ ಸಾಲು ಸೇರಿಸಲು ಮಾತ್ರ ಬಿಡಿ. ದಿನಾಂಕ ಕೊಟ್ಟರೆ ಆ ದಿನದ ದರ ಹೇಳುವ ಒಂದೇ ಒಂದು ಫಂಕ್ಷನ್ ಇರಲಿ. ಬಡ್ಡಿ ಲೆಕ್ಕ ಹಾಕುವ ಎಲ್ಲ ಕೋಡೂ ಅದನ್ನೇ ಕೇಳಲಿ. ಕಾರ್ಯದರ್ಶಿಯವರು ಜಾಂಗೊದ ಅಡ್ಮಿನ್ ಪುಟದಲ್ಲಿ ಮುಂದಿನ ತಿಂಗಳ ಒಂದನೆಯ ತಾರೀಕು ಹಾಕಿ ಇವತ್ತೇ ದರ ನಮೂದಿಸಬಹುದು. ಆ ನಮೂದನ್ನು ವ್ಯವಸ್ಥಾಪಕರಂಥ ಇನ್ನೊಬ್ಬರು ಒಪ್ಪಿದ ಮೇಲೆ ಮಾತ್ರ ಜಾರಿಯಾಗುವಂತೆ ಮಾಡಿದರೆ ಇನ್ನೂ ಒಳ್ಳೆಯದು. 11.5 ಬರೆಯಬೇಕಾದಲ್ಲಿ 115 ಎಂದು ಬಿದ್ದರೆ ಅದನ್ನು ಹಿಡಿಯಲು ಕೋಡಿನಲ್ಲೊಂದು ಮಿತಿಯೂ ಇರಬೇಕು. ಈ ಮೌಲ್ಯಗಳನ್ನು ಮೆಮೊರಿಯಲ್ಲಿ ಕ್ಯಾಶ್ ಮಾಡಲು (ಮತ್ತೆ ಮತ್ತೆ ಬಳಸಲು ಪ್ರತಿ ಇಟ್ಟುಕೊಳ್ಳಲು) ಹೋಗಬೇಡಿ: ಗುನಿಕಾರ್ನಿನ ನಾಲ್ಕು ಕೆಲಸಗಾರ ಪ್ರೊಸೆಸ್‌ಗಳಲ್ಲಿ ಎರಡು ಹೊಸ ದರವನ್ನೂ ಎರಡು ಹಳೆಯ ದರವನ್ನೂ ತೋರಿಸತೊಡಗಿದರೆ, ಪುಟವನ್ನು ರಿಫ್ರೆಶ್ ಮಾಡಿದಾಗಲೆಲ್ಲ ಸದಸ್ಯರ ಬಾಕಿ ಬದಲಾಗುತ್ತದೆ.

ಎಲ್ಲವನ್ನೂ ಕೋಡಿನಿಂದ ಹೊರಗೆ ಎಳೆಯಬೇಕೆಂದೂ ಇಲ್ಲ. ಟೈಮ್ ಝೋನ್ ಅನ್ನೇ ನೋಡಿ. ಜಾಂಗೊದ ಹೊಸ ಪ್ರಾಜೆಕ್ಟಿನಲ್ಲಿ ಅದು ಯುಟಿಸಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಎಂದಿರುತ್ತದೆ. ಹಾಗೆಯೇ ಬಿಟ್ಟರೆ ನಿಮ್ಮ ಆ್ಯಪಿನ ಲೆಕ್ಕದಲ್ಲಿ ದಿನ ಬದಲಾಗುವುದು ಬೆಳಗಿನ 5.30ಕ್ಕೆ, ನಸುಕಿನಲ್ಲಿ ಕಂತು ಕಟ್ಟಿದ ಸದಸ್ಯರ ರಸೀದಿಯ ಮೇಲೆ ಹಿಂದಿನ ದಿನದ ತಾರೀಕು. ಅದನ್ನು ‘ಏಷ್ಯಾ ಕೋಲ್ಕತಾ’ ಮಾಡಬೇಕು, ಆದರೆ ನಿಮ್ಮ ಲ್ಯಾಪ್‌ಟಾಪಿನಲ್ಲೂ ಸರ್ವರಿನಲ್ಲೂ ಅದು ಒಂದೇ ಆಗಿರುವುದರಿಂದ ಕೋಡಿನಲ್ಲೇ ಇರಲಿ. ಎಸ್ಸೆಮ್ಮೆಸ್ ಟೆಂಪ್ಲೇಟುಗಳೂ ಹಾಗೆಯೇ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನಿಯಮದಂತೆ ಡಿಎಲ್‌ಟಿ ಎಂಬ ಎಸ್ಸೆಮ್ಮೆಸ್ ನೋಂದಣಿ ವೇದಿಕೆಯಲ್ಲಿ ನೋಂದಾಯಿಸಿದ ಪಠ್ಯಕ್ಕೂ ನೀವು ಕಳುಹಿಸುವ ಪಠ್ಯಕ್ಕೂ ಹೊಂದಿಕೆಯಾಗದಿದ್ದರೆ ಸಂದೇಶ ತಡೆಯಲ್ಪಡುತ್ತದೆ. ಪಠ್ಯದಲ್ಲಿ ಎಷ್ಟು ಜಾಗ ಖಾಲಿ ಇದೆ, ಅವುಗಳಲ್ಲಿ ಏನು ತುಂಬಬೇಕು ಎಂಬುದು ಕೋಡಿಗೆ ಅಂಟಿಕೊಂಡಿದೆ. ಟೆಂಪ್ಲೇಟ್ ಐಡಿ ಗುಟ್ಟಲ್ಲ. ಆದ್ದರಿಂದ ಪಠ್ಯ ಮತ್ತು ಐಡಿಯನ್ನು ಒಟ್ಟಿಗೆ ಕೋಡಿನಲ್ಲೇ ಇಟ್ಟು ಒಂದೇ ಕಮಿಟ್‌ನಲ್ಲಿ ಬದಲಿಸುವುದು ಕ್ಷೇಮ.

ಮುಂದೆ ಪುಟಗಳನ್ನು, ಬ್ರೌಸರಿನಲ್ಲೇ ನಡೆಯುವ ರಿಯಾಕ್ಟ್‌ನಲ್ಲಿ ಮಾಡುವ ಯೋಚನೆಯಿದ್ದರೆ ಒಂದು ಎಚ್ಚರಿಕೆ. ಅಲ್ಲಿಯೂ ಎನ್ವಿರಾನ್ಮೆಂಟ್ ವೇರಿಯಬಲ್ ಎಂಬ ಹೆಸರು ಕೇಳಿಬರುತ್ತದೆ, ಆದರೆ ವೀಟ್‌ನಂಥ ಬಿಲ್ಡ್ ಸಾಧನಗಳು ಬಿಲ್ಡ್ ಮಾಡುವ ಹೊತ್ತಿಗೆ ಆ ಮೌಲ್ಯಗಳನ್ನು ಜಾವಾಸ್ಕ್ರಿಪ್ಟಿನೊಳಗೆ ಅಚ್ಚೊತ್ತಿಬಿಡುತ್ತವೆ. ಬ್ರೌಸರಿಗೆ ಹೋದದ್ದು ಬೀದಿಗೆ ಹೋದಂತೆಯೇ.

ಎಲ್ಲಿಡಬೇಕೆಂಬುದು ತೀರ್ಮಾನವಾದರೂ, ಇಟ್ಟದ್ದನ್ನು ಹೇಗೆ ಓದುತ್ತೀರಿ ಎಂಬುದರಲ್ಲಿ ಅಷ್ಟೇ ತಪ್ಪುಗಳಾಗುತ್ತವೆ. ಹಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಡೀಬಗ್ ಎಂಬ ಸೆಟ್ಟಿಂಗಿಗೆ ‘ಫಾಲ್ಸ್’ ಎಂದು ಸ್ಪಷ್ಟವಾಗಿ ಬರೆದಿದ್ದರೂ ನಿಜವಾದ ಸರ್ವರ್ ಡೀಬಗ್ ಸ್ಥಿತಿಯಲ್ಲೇ ಹನ್ನೊಂದು ದಿನ ನಡೆದಿತ್ತು. ಫೈಲಿನಿಂದ ಅಥವಾ ಎನ್ವಿರಾನ್ಮೆಂಟಿನಿಂದ ಬರುವುದೆಲ್ಲ ಬರೀ ಪಠ್ಯ. ಪೈಥಾನಿನಲ್ಲಿ ಖಾಲಿಯಲ್ಲದ ಯಾವ ಪಠ್ಯವಾದರೂ, ‘ಫಾಲ್ಸ್’ ಎಂಬ ಪಠ್ಯವೂ ಸೇರಿ, ಬೂಲಿಯನ್ (ಹೌದು-ಅಲ್ಲ ಎಂಬ ಮೌಲ್ಯ) ಮಾಡಿದರೆ ‘ಟ್ರೂ’ ಆಗುತ್ತದೆ. ಆ ಸಾಲನ್ನು ಬರೆದವನು ನಾನೇ. ಅಂದಿನಿಂದ ಸೆಟ್ಟಿಂಗ್‌ಗಳನ್ನೆಲ್ಲ ಒಂದೇ ಕಡೆ ಓದಿ, ಪ್ರತಿಯೊಂದರ ಬಗೆಯನ್ನೂ ಮಿತಿಯನ್ನೂ ಪರೀಕ್ಷಿಸಿ, ಏನಾದರೂ ಕೊರತೆಯಿದ್ದರೆ ಆ್ಯಪ್ ಚಾಲೂ ಆಗಲು ನಿರಾಕರಿಸುವಂತೆ ಬರೆಯುತ್ತೇನೆ. ಪೈಡ್ಯಾಂಟಿಕ್‌ನಂಥ ಲೈಬ್ರರಿ ಇದಕ್ಕೆ ಅನುಕೂಲ, ಕೈಯಲ್ಲೇ ಬರೆದರೂ ಮೂವತ್ತು ಸಾಲಿನ ಕೆಲಸ. ಕೀ ಸಿಗದಿದ್ದರೆ ಇರಲಿ ಎಂದು ಕೋಡಿನಲ್ಲಿ ಒಂದು ಡೀಫಾಲ್ಟ್ ಕೀ ಬರೆದಿಡುವ ಚಟ ಬೇಡ. ಫೈಲು ಓದಲಾಗದ ದಿನ ಯಾರಿಗೂ ತಿಳಿಯದಂತೆ ಆ ಕೀಯ ಮೇಲೆಯೇ ನಿಜವಾದ ವ್ಯವಹಾರ ನಡೆಯುತ್ತದೆ.

ಇದೇ ಪರೀಕ್ಷೆಯಲ್ಲಿ ನಿಜವಾದ ಸರ್ವರನ್ನೂ ಪ್ರಯೋಗದ ಸರ್ವರನ್ನೂ ಬೇರ್ಪಡಿಸಿ. ಬೆಂಗಳೂರಿನ ರೇಜರ್‌ಪೇಯಂಥ ಗೇಟ್‌ವೇಗಳ ಕೀಗಳ ಆರಂಭದಲ್ಲೇ ‘ಟೆಸ್ಟ್’ ಅಥವಾ ‘ಲೈವ್’ ಎಂಬ ಗುರುತು ಇರುತ್ತದೆ. ಪ್ರಯೋಗದ ಸರ್ವರಿನಲ್ಲಿ ‘ಲೈವ್’ ಕೀ ಕಂಡರೂ, ನಿಜವಾದ ಸರ್ವರಿನಲ್ಲಿ ‘ಟೆಸ್ಟ್’ ಕೀ ಕಂಡರೂ ಆ್ಯಪ್ ಏಳಬಾರದು. ಎರಡನೆಯ ತಪ್ಪು ಮೊದಲನೆಯದಕ್ಕಿಂತ ಹೆಚ್ಚು ಮೋಸದ್ದು: ಸದಸ್ಯರಿಗೆ ‘ಕಂತು ಸಂದಾಯವಾಗಿದೆ’ ಎಂಬ ರಸೀದಿ ಸಿಗುತ್ತದೆ, ಸಂಘದ ಖಾತೆಗೆ ಒಂದು ರೂಪಾಯಿಯೂ ಬಂದಿರುವುದಿಲ್ಲ. ಪ್ರಯೋಗದ ಸರ್ವರಿಗೆ ನಿಜವಾದ ಡೇಟಾಬೇಸಿನ ನಕಲು ತಂದುಕೊಳ್ಳುವ ಅಭ್ಯಾಸವಿದ್ದರೆ, ಅಲ್ಲಿ ಎಸ್ಸೆಮ್ಮೆಸ್ ಕೀಯನ್ನೇ ಇಡಬೇಡಿ. ಸಂದೇಶಗಳು ಲಾಗ್ ಫೈಲಿಗೆ ಬೀಳಲಿ.

ಬಳಕೆ ತಪ್ಪಿದ ಸೆಟ್ಟಿಂಗ್‌ಗಳನ್ನು ಕೋಡು ಮತ್ತು ಫೈಲು ಎರಡರಿಂದಲೂ ಕಿತ್ತುಹಾಕಿ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಸಂಸ್ಥೆ ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಿತು. ಎಂಟು ಸರ್ವರುಗಳಲ್ಲಿ ಏಳಕ್ಕೆ ಮಾತ್ರ ಹೊಸ ಕೋಡು ಹೋಗಿತ್ತು. ಹೊಸ ಕೋಡು ಬಳಸಿಕೊಂಡ ಫ್ಲ್ಯಾಗ್ (ಆನ್-ಆಫ್ ಗುರುತು) ವರ್ಷಗಳ ಹಿಂದೆ ಬಳಕೆ ತಪ್ಪಿದ್ದ ಬೇರೊಂದು ಕೆಲಸದ್ದಾಗಿತ್ತು. ಎಂಟನೆಯ ಸರ್ವರಿನಲ್ಲಿ ಆ ಹಳೆಯ ಕೋಡು ಇನ್ನೂ ಜೀವಂತವಾಗಿತ್ತು. ನಿಮ್ಮ ಸರ್ವರ್ ಒಂದೇ ಆದ್ದರಿಂದ ಸದ್ಯಕ್ಕೆ ಅಂಥ ಅರ್ಧಂಬರ್ಧ ಡಿಪ್ಲಾಯ್ ಆಗಲಾರದು, ಆದರೆ ಹಳೆಯ ಹೆಸರಿಗೆ ಹೊಸ ಅರ್ಥ ಕೊಡುವ ಅಭ್ಯಾಸವನ್ನು ಈಗಲೇ ಬಿಡುವುದು ಲೇಸು.

ಕೊನೆಯದಾಗಿ, ನೀವು ಕೇಳದಿದ್ದರೂ ಕೇಳಬೇಕಾಗಿದ್ದ ಒಂದು ಮಾತು. ಕೀಗಳ ಫೈಲನ್ನು ಗಿಟ್‌ನಿಂದ ಹೊರಗಿಟ್ಟ ಮೇಲೆ ಅದರ ಪ್ರತಿ ಸರ್ವರಿನಲ್ಲಿ ಮಾತ್ರ ಉಳಿಯುತ್ತದೆ. ಆ ಸರ್ವರ್ ಕೈಕೊಟ್ಟ ದಿನ ಏನು ಮಾಡುತ್ತೀರಿ? ಹೆಸರುಗಳಷ್ಟೇ ಇದ್ದು ಮೌಲ್ಯಗಳಿಲ್ಲದ ಒಂದು ಮಾದರಿ ಫೈಲು ಗಿಟ್‌ನಲ್ಲಿರಲಿ, ಪ್ರತಿ ಹೆಸರಿನ ಮುಂದೆ ಅದನ್ನು ಎಲ್ಲಿಂದ ಪಡೆಯಬೇಕೆಂಬ ಟಿಪ್ಪಣಿಯಿರಲಿ. ಮೌಲ್ಯಗಳ ಪ್ರತಿ ನೀವಿಬ್ಬರೂ ತೆರೆಯಬಲ್ಲ ಪಾಸ್‌ವರ್ಡ್ ಮ್ಯಾನೇಜರಿನಲ್ಲಿರಲಿ, ವಾಟ್ಸ್‌ಆ್ಯಪ್ ಸಂದೇಶದಲ್ಲಲ್ಲ. ಆ ಮ್ಯಾನೇಜರ್ ತೆರೆಯುವ ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು, ಲಕೋಟೆಯಲ್ಲಿ ಮೊಹರು ಮಾಡಿ, ಅಧ್ಯಕ್ಷರ ಸಹಿ ಹಾಕಿಸಿ ಸಂಘದ ತಿಜೋರಿಯಲ್ಲಿಡಿ. ಸಹಕಾರ ಸಂಘಕ್ಕೆ ತಿಜೋರಿ ಇದ್ದೇ ಇರುತ್ತದೆ, ಬೇರೆ ಸಂಸ್ಥೆಗಳಿಗಿಲ್ಲದ ಅನುಕೂಲ ಅದು. ಹಾಗೆಯೇ ಗೇಟ್‌ವೇ, ಎಸ್ಸೆಮ್ಮೆಸ್ ಮತ್ತು ಸರ್ವರ್ ಬಾಡಿಗೆಯ ಖಾತೆಗಳು ನಿಮ್ಮಿಬ್ಬರಲ್ಲಿ ಒಬ್ಬರ ವೈಯಕ್ತಿಕ ಇಮೇಲಿಗೆ ಜೋಡಣೆಯಾಗಿದ್ದರೆ, ಕೀಗಳನ್ನು ಬದಲಿಸುವ ಈ ವಾರದಲ್ಲೇ ಅವನ್ನೂ ಸಂಘದ ಇಮೇಲಿಗೆ ವರ್ಗಾಯಿಸಿಬಿಡಿ. ಆಮೇಲೆ ಒಂದು ಭಾನುವಾರ ಹೊಸ ಸರ್ವರನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆದು, ಬ್ಯಾಕಪ್ ಮತ್ತು ಪಾಸ್‌ವರ್ಡ್ ಮ್ಯಾನೇಜರ್ ಎರಡನ್ನೇ ಇಟ್ಟುಕೊಂಡು ಆ್ಯಪನ್ನು ಎಬ್ಬಿಸಲು ಪ್ರಯತ್ನಿಸಿ. ಎಲ್ಲಿ ತಡವರಿಸುತ್ತೀರೋ ಅಲ್ಲೊಂದು ಸೆಟ್ಟಿಂಗ್ ಇನ್ನೂ ಯಾರದೋ ತಲೆಯಲ್ಲಿ ಮಾತ್ರ ಇದೆ ಎಂದು ಗೊತ್ತಾಗುತ್ತದೆ, ಅದನ್ನು ಮಾದರಿ ಫೈಲಿಗೆ ಸೇರಿಸಿ.